ಒಂದೇ ಒಂದು ಅರ್ಜಿ

ಈಗಲೂ ಹಸಿ ಹಿಪ್ಪುನೇರಳೆ ಸೊಪ್ಪಿನ ವಾಸನೆ ಬಂದರೆ ಜಡಿಗೇನಹಳ್ಳಿಯ ನಮ್ಮ ಮನೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಬೇಸಿಗೆ ರಜೆ ಮುಗಿಯುತ್ತ ಬಂದಿತ್ತು. ಅಮ್ಮ ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕುತ್ತಿದ್ದಳು. ನಾನು ಊರಿನ ಸರ್ಕಾರಿ ಶಾಲೆಯಲ್ಲಿ ಓದುತ್ತಿದ್ದೆ. ತಮ್ಮನನ್ನು ಒಂದನೇ ಕ್ಲಾಸಿಗೆ ಸೇರಿಸಬೇಕಿತ್ತು. ಅಪ್ಪ ಹೊಸಕೋಟೆಯ ಕಾನ್ವೆಂಟಿನಿಂದ ಒಂದೇ ಒಂದು ಅರ್ಜಿ ತಂದಿದ್ದ.

“ಇವ್ಳಿಗೆ?” ಎಂದಳು ಅಮ್ಮ, ನನ್ನತ್ತ ನೋಡಿ.

“ಇಬ್ರಿಗೂ ಫೀಸ್ ಕಟ್ಟೋಕಾಗಲ್ಲ ಕಣೇ. ಅವ್ನು ಗಂಡುಹುಡ್ಗ, ಓದ್ಲಿ. ಇವ್ಳು ಹೆಂಗೂ ಇಲ್ಲೇ ಹೋಗ್ತಾವ್ಳಲ್ಲ.”

ನಾನು ತಲೆ ಎತ್ತದೆ ಸೊಪ್ಪಿನ ದಂಟು ಮುರಿಯುತ್ತ ಕೂತಿದ್ದೆ.

“ಹೋದ್ರೆ ಇಬ್ರೂ ಕಾನ್ವೆಂಟ್ ವ್ಯಾನಲ್ಲಿ ಹೋಗ್ಲಿ, ಇಲ್ದಿದ್ರೆ ಇಬ್ರೂ ನಡ್ಕೊಂಡು ಹೋಗ್ಲಿ. ಒಂದೇ ಮನೇಲಿ ಎರಡು ತರ ಮಕ್ಕಳು ನಂಗೆ ಬ್ಯಾಡ” ಎಂದಳು ಅಮ್ಮ.

ವ್ಯಾನಿನ ಆಸೆಗೆ ತಮ್ಮ ಬಿಕ್ಕಿ ಬಿಕ್ಕಿ ಅತ್ತ. ಅಪ್ಪ ಅರ್ಜಿಯನ್ನು ಮಡಚಿ ಜೇಬಿಗಿಟ್ಟ. ಆಮೇಲೆ ಎದ್ದು, ಅಳುತ್ತಿದ್ದವನನ್ನು ಹೆಗಲಿಗೇರಿಸಿ, ನನ್ನ ಕೈ ಹಿಡಿದು ನಮ್ಮ ಶಾಲೆಗೆ ನಡೆದ. ಹೊಸ ಮಕ್ಕಳನ್ನು ಸೇರಿಸಿಕೊಳ್ಳಲು ಮೇಡಂ ರಜೆಯಲ್ಲೂ ಬಂದಿದ್ದರು.

“ಇವ್ನನ್ನೂ ಸೇರಿಸ್ಕೊಳ್ಳಿ ಮೇಡಂ” ಎಂದ. ಬಳಿಕ ನನ್ನ ತಲೆಯ ಮೇಲೆ ಕೈಯಿಟ್ಟು, “ಇವನಕ್ಕ ಚೆನ್ನಾಗಿ ಓದ್ತಾಳೆ. ಅವ್ಳೇ ಹೇಳ್ಕೊಡ್ತಾಳೆ” ಎಂದ.

ನಾನು ಚೆನ್ನಾಗಿ ಓದುತ್ತೇನೆಂದು ಅಪ್ಪನಿಗೆ ಗೊತ್ತಿದೆ ಎಂಬುದು ನನಗೆ ತಿಳಿದದ್ದೇ ಅಂದು.