ಖಾಲಿ ಸಾಲು

ವಿದೇಶದ ಖರ್ಚಿಗೆ ಬೇಕಾದ ಫಾರೆಕ್ಸ್ ಕಾರ್ಡ್ ಕೊಡುವ ಬ್ಯಾಂಕ್ ಕೌಂಟರಿನಲ್ಲಿ ಅವನಿರುತ್ತಾನೆಂದು ಗೊತ್ತಿದ್ದರೆ ಅವಳು ಆ ಕಡೆ ಕಾಲೇ ಇಡುತ್ತಿರಲಿಲ್ಲ.

“ಮಲೇಷ್ಯಾ, ಸಿಂಗಪುರ ಎರಡಕ್ಕೂ ಈ ಒಂದೇ ಕಾರ್ಡ್ ಸಾಕು, ಮೇಡಂ. ಇಲ್ಲಿ ಸಹಿ ಮಾಡಿ.”

“ನೀವು ತೋರಿಸಿದ ಕಡೆ ಕಣ್ಣು ಮುಚ್ಕೊಂಡು ಸಹಿ ಮಾಡಿ ಒಂದು ಸಲ ಮನೆ ಕಳ್ಕೊಂಡಿದ್ದೀನಿ. ಪೂರ್ತಿ ಓದ್ತೀನಿ.”

“ಹಿಂದೆ ಜನ ಕಾಯ್ತಿದ್ದಾರೆ.”

“ಕಾಯಲಿ. ಹನ್ನೊಂದು ವರ್ಷದಿಂದ ನಾನು ಕೋರ್ಟಲ್ಲಿ ಕಾಯ್ತಿಲ್ವಾ?”

ಅವನು ಫಾರಂನ ಖಾಲಿ ಸಾಲೊಂದನ್ನು ಪೆನ್ನಿನಿಂದ ಕುಟ್ಟಿದ. “ಅಲ್ಲಿ ನಿಮಗೇನಾದ್ರೂ ಹೆಚ್ಚುಕಮ್ಮಿ ಆದ್ರೆ ಇಲ್ಲಿ ಯಾರಿಗೆ ಫೋನ್ ಮಾಡ್ಬೇಕು, ಬರೀರಿ.”

“ನನಗ್ಯಾರಿದ್ದಾರೆ?”

“ಖಾಲಿ ಬಿಟ್ರೆ ಕಾರ್ಡ್ ಸಿಗಲ್ಲ.”

ಅವಳು ಪೆನ್ನು ಕಿತ್ತುಕೊಂಡು ಗೀಚಿ, ಫಾರಂ ಅವನ ಮುಂದೆ ಎಸೆದು ಮುಖ ತಿರುಗಿಸಿದಳು.

ಹೆಸರಿನ ಜಾಗದಲ್ಲಿ ಅವನದೇ ಹೆಸರಿತ್ತು. ಸಂಬಂಧದ ಜಾಗದಲ್ಲಿ, ‘ತಮ್ಮ’.