ಬಾಡಿಸುವ ಹದ

"ಮೊದ್ಲು ಗುಲಾಬಿ ತೋಟ ನೋಡ್ಬನ್ನಿ ಬೀಗ್ರೇ, ಕೂರೋದು ಆಮೇಲೆ" ಎಂದು ಸಿದ್ದಬಸಪ್ಪ ಶಾಂತಮಲ್ಲಪ್ಪನ ಕೈಯಲ್ಲಿದ್ದ ಹಣ್ಣಿನ ಚೀಲವನ್ನು ಕಿತ್ತು ಜಗಲಿಯ ಮೇಲಿಟ್ಟು, ತೋಳು ಹಿಡಿದು ಮನೆಯ ಪಕ್ಕಕ್ಕೆ ಎಳೆದುಕೊಂಡು ಹೋದ.

ಮೇ ತಿಂಗಳ ಮಧ್ಯಾಹ್ನ. ಪಾಳ್ಯದಲ್ಲಿ ಬಸ್ಸಿಳಿದು ನಡೆದು ಬರುವಷ್ಟರಲ್ಲಿ ಶಾಂತಮಲ್ಲಪ್ಪನ ನಾಲಿಗೆ ಅಂಗುಳಿಗೆ ಅಂಟಿತ್ತು. ಬಂದವರ ಕೈಗೆ ಮೊದಲು ಒಂದು ತುಂಡು ಬೆಲ್ಲ, ಒಂದು ಚೊಂಬು ನೀರು ಕೊಡುವುದು ಎಲ್ಲರ ಮನೆಯ ಪದ್ಧತಿ. ಇಲ್ಲಿ ಇನ್ನೂ ಕೊಟ್ಟಿರಲಿಲ್ಲ. ಅವನು ಬಂದಿದ್ದು ಮಗಳು ಮಾನಸಾಳನ್ನು ಈ ಮನೆಯ ಹುಡುಗ ರೇವಂತನಿಗೆ ತಂದುಕೊಳ್ಳುತ್ತಾರೋ ಇಲ್ಲವೋ ಎಂಬ ಕೊನೆಯ ಮಾತು ಕೇಳಲು. ಸಿದ್ದಬಸಪ್ಪನೇನೋ ಆಗಲೇ ಬೀಗರೆ ಎನ್ನುತ್ತಿದ್ದ. ಆದರೆ ಆ ಮನೆಯಲ್ಲಿ ಮಾತು ಗಟ್ಟಿಯಾಗುವುದು ಅವನ ಹೆಂಡತಿ ಜಗದಾಂಬ ಒಪ್ಪಿದ ಮೇಲೆ. ಆಕೆ ಬಾಗಿಲಲ್ಲಿ ನಿಂತು "ಬಂದ್ರಾ" ಎಂದಿದ್ದಳು, ಅಷ್ಟೇ. ಬೀಗರು ಎಂದಿರಲಿಲ್ಲ, ನೀರು ತರಲು ಒಳಗೂ ಹೋಗಿರಲಿಲ್ಲ. ಈಗ ಕೈಕಟ್ಟಿಕೊಂಡು ಹಿಂದೆಯೇ ಬರುತ್ತಿದ್ದಳು.

ಮನೆಯ ಪಕ್ಕದಲ್ಲಿ ಸಾಲಾಗಿ ಮುಳ್ಳುಕಡ್ಡಿಗಳು ನಿಂತಿದ್ದವು. ಪ್ರತಿಯೊಂದಕ್ಕೂ ಅಚ್ಚುಕಟ್ಟಾದ ಪಾತಿ. ಪಾತಿಯ ಮಣ್ಣು ಬಿರುಕು ಬಿಟ್ಟಿತ್ತು. ಉಳಿದ ನಾಲ್ಕಾರು ಎಲೆಗಳು ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತಿದ್ದವು.

"ಹೆಂಗೈತೆ?" ಸಿದ್ದಬಸಪ್ಪ ಹೆಮ್ಮೆಯಿಂದ ಕೇಳಿದ. "ನೀವು ಹೇಳ್ದಂಗೇ. ಅವತ್ತು ನಿಮ್ಮನೆಯಿಂದ ಬಂದ್ಮೇಲೆ ಒಂದು ತೊಟ್ಟು ನೀರು ಮುಟ್ಸಿಲ್ಲ."

ಶಾಂತಮಲ್ಲಪ್ಪನಿಗೆ ತಾನು ಆಡಿದ್ದ ಮಾತು ನೆನಪಾಯಿತು. ಅವರು ಹೆಣ್ಣು ನೋಡಲು ಬೆಳಗೋಡಿಗೆ ಬಂದ ದಿನ ಎಸ್ಟೇಟಿನ ಕಾಫಿಯೆಲ್ಲ ಹೂವಾಗಿ ಬೆಳ್ಳಗೆ ನಿಂತಿತ್ತು. ರಾಗಿ, ಭತ್ತ ಬೆಳೆಯುವ ಸಿದ್ದಬಸಪ್ಪ ಬಾಯಿ ಬಿಟ್ಟುಕೊಂಡು ನೋಡಿದ್ದ. ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆಯುವ ರೈಟರ್ ಶಾಂತಮಲ್ಲಪ್ಪ, ಸಾಹುಕಾರರು ದಿನವೂ ಹೇಳುವುದನ್ನು ತನ್ನದೇ ಎಂಬಂತೆ ವಿವರಿಸಿದ್ದ: ಗಿಡವನ್ನು ಮೊದಲು ಚೆನ್ನಾಗಿ ಬಾಡಿಸಬೇಕು, ಹದ ನೋಡಿ ಸ್ಪ್ರಿಂಕ್ಲರ್ ತಿರುಗಿಸಿ ನೀರು ಚಿಮ್ಮಿಸಬೇಕು, ಆಗ ಒಟ್ಟಿಗೇ ಹೂವಾಗುತ್ತದೆ. "ಗುಲಾಬಿಗೂ ಹಿಂಗೇನಾ?" ಎಂದು ಸಿದ್ದಬಸಪ್ಪ ಕೇಳಿದಾಗ ಗೊತ್ತಿಲ್ಲ ಎನ್ನಬಹುದಿತ್ತು. ಗಂಡಿನ ಕಡೆಯವರ ಮುಂದೆ ಹಾಗೆನ್ನಲು ಬಾಯಿ ಬರಲಿಲ್ಲ. "ಗಿಡ ಯಾವ್ದಾದ್ರೇನು, ಗುಣ ಒಂದೇ" ಎಂದುಬಿಟ್ಟಿದ್ದ.

"ನಡುವೆ ಮಳೆ ಬಂತಲ್ಲ?" ಅವನು ಆಸೆಯಿಂದ ಕೇಳಿದ.

"ಬಿಡ್ತೀನಾ? ರಾಗಿ ಕಣದ ಟಾರ್ಪಾಲ್ ತಂದು ಮುಚ್ಬುಟ್ಟೆ. ಇವಳು ಒಂದಿನ ಬಿಂದಿಗೆ ಎತ್ಕಂಡು ಬಂದಿದ್ಲು. ಕಾಫಿ ಎಸ್ಟೇಟ್ನೋರಿಗಿಂತ ನಿಂಗೆ ಗೊತ್ತೇನೇ ಅಂತ ಒಳಕ್ಕೆ ಕಳಿಸ್ದೆ."

"ಆ ಮೂಲೇದು ನಮ್ಮವ್ವ ಕೊಟ್ಟಿದ್ದು" ಎಂದಳು ಜಗದಾಂಬ. ಯಾರಿಗೆ ಹೇಳಿದಳೋ, ಕಣ್ಣು ಕಡ್ಡಿಯ ಮೇಲಿತ್ತು.

"ಹದ ಬಂದೈತಾ ಹೇಳಿ ಬೀಗ್ರೇ. ನಿಶ್ಚಿತಾರ್ಥಕ್ಕೆ ಹೊರಗಿನ ಹೂವೇ ತರಲ್ಲ ಅಂತ ಊರಿಗೆಲ್ಲ ಹೇಳ್ಬುಟ್ಟಿದೀನಿ."

ಶಾಂತಮಲ್ಲಪ್ಪ ಕುಕ್ಕರುಗಾಲಲ್ಲಿ ಕೂತು ಒಂದು ಕಡ್ಡಿಯನ್ನು ಉಗುರಿನಿಂದ ಕೆರೆದ. ಒಳಗೂ ಕಂದು. ಪಕ್ಕದ್ದೂ ಹಾಗೇ. ಮೂಲೆಯದನ್ನು ಬುಡದ ಹತ್ತಿರ ಕೆರೆದಾಗ ಎಳೆಯಷ್ಟು ಹಸಿರು ಕಂಡಿತು.

"ನೀರು ತನ್ನಿ" ಎಂದ. "ಬೇಗ."

"ಹದ ಬಂತು" ಎಂದು ಸಿದ್ದಬಸಪ್ಪ ಖುಷಿಯಿಂದ ಬಾವಿಯ ಕಡೆ ಓಡಿದ.

ಈಗ ಉಳಿದವರು ಇಬ್ಬರೇ. ಶಾಂತಮಲ್ಲಪ್ಪ ತಲೆಯೆತ್ತಲಿಲ್ಲ.

"ನಿಮ್ಮನೇಲಿ ಗುಲಾಬಿ ಐತಾ?" ಜಗದಾಂಬ ಕೇಳಿದಳು.

"ಐತೆ."

"ಅದನ್ನೂ ಹಿಂಗೇ ಬಾಡಿಸ್ತೀರಾ?"

ಇಲ್ಲಿ ಒಂದು ಸುಳ್ಳು ಹೇಳಿದ್ದರೆ ಸಾಕಿತ್ತು. ಆದರೆ ಹಿಂದಿನ ಸುಳ್ಳೇ ಕಣ್ಣೆದುರು ಸಾಲಾಗಿ ನಿಂತಿತ್ತು. "ಇಲ್ಲ. ಮಾನಸಾ ದಿನಾ ಎರಡೊತ್ತೂ ನೀರು ಹಾಕ್ತಾಳೆ."

"ನೀವು ಬ್ಯಾಡ ಅನ್ನಲ್ವಾ?"

"ಅಂದೆ, ಒಂದ್ಸಲ." ಬೆವರು ಮೂಗಿನ ತುದಿಗೆ ಇಳಿಯಿತು. "ಅಪ್ಪ, ನೀವು ಹಾಜರಿ ಬರ್ಕಳಿ, ಗಿಡದ ಸುದ್ದಿಗೆ ಬರ್ಬೇಡಿ ಅಂದ್ಲು. ಕೇಳೋ ಜಾತಿಯಲ್ಲ ಅದು."

ಹೇಳಿದ ಮೇಲೆ ಅವನಿಗೆ ಹೊಳೆಯಿತು, ಮಗಳು ದೊಡ್ಡವರ ಮಾತು ಕೇಳುವುದಿಲ್ಲ ಎಂದು ಗಂಡಿನ ತಾಯಿಗೇ ಹೇಳಿಯಾಯಿತು. ಸಂಬಂಧ ಮುರಿಯಿತು ಎಂದುಕೊಂಡ. ಜಗದಾಂಬ ಅವನನ್ನೇ ಒಂದು ಕ್ಷಣ ನೋಡಿ ಒಳಗೆ ಹೋದಳು.

ಸಿದ್ದಬಸಪ್ಪ ಬಕೆಟ್ ತಂದ. ಶಾಂತಮಲ್ಲಪ್ಪ ಇಸ್ತ್ರಿ ಮಾಡಿದ ಪಂಚೆ ಎತ್ತಿ ಕಟ್ಟಿ ತಾನೇ ಪಾತಿ ಪಾತಿಗೂ ನೀರು ಹೊಯ್ದ. ಬದುಕಿದ್ದಕ್ಕೂ, ಸತ್ತದ್ದಕ್ಕೂ. ಬಕೆಟ್ಟಿನ ನೀರನ್ನು ನೋಡಿ ಗಂಟಲು ಇನ್ನಷ್ಟು ಒಣಗಿತು. ಕೇಳಲು ಧೈರ್ಯವಾಗಲಿಲ್ಲ.

ಆಗ ಜಗದಾಂಬ ಹೊರಗೆ ಬಂದಳು. ಒಂದು ಕೈಯಲ್ಲಿ ಬೆಲ್ಲದ ತಟ್ಟೆ, ಇನ್ನೊಂದರಲ್ಲಿ ತುಳುಕುವ ಚೊಂಬು. ಶಾಂತಮಲ್ಲಪ್ಪ ಬಕೆಟ್ ಇಟ್ಟು, ಪಂಚೆಗೆ ಕೈ ಒರೆಸಿಕೊಂಡು ಮುಂದೆ ಚಾಚಿದ. ಆಕೆ ಅವನನ್ನು ದಾಟಿ ಮೂಲೆಗೆ ಹೋಗಿ, ಅವ್ವ ಕೊಟ್ಟ ಗಿಡದ ಬುಡಕ್ಕೆ ಚೊಂಬಿನ ನೀರನ್ನೆಲ್ಲ ನಿಧಾನವಾಗಿ ಸುರಿದಳು.

"ಏ, ಅದು ಅವ್ರಿಗೆ ಕುಡಿಯಕ್ಕೆ ಕಣೇ" ಎಂದ ಸಿದ್ದಬಸಪ್ಪ.

"ಗೊತ್ತೈತೆ." ಜಗದಾಂಬ ತಟ್ಟೆಯಿಂದ ದೊಡ್ಡದೊಂದು ಬೆಲ್ಲದ ತುಂಡು ಆರಿಸಿ ಶಾಂತಮಲ್ಲಪ್ಪನ ಅಂಗೈಯಲ್ಲಿಟ್ಟಳು. "ಬೀಗ್ರು ಇನ್ನೊಂಚೂರು ಬಾಡ್ಲಿ. ಹದ ನೋಡ್ಕಂಡು ಕೊಡ್ತೀನಿ."