ಶರೀಫನ ಫೋಲ್ಡರಿಗೆ ಬಂದ ಅತಿಥಿ

ಕ್ಷಮಿಸಬೇಕು, ನೆರೆಮನೆಯ ಸಂಗತಿಯನ್ನು ಹೀಗೆ ಬರೆಯುವುದು ಸರಿಯಲ್ಲವೇನೋ. ಕಂಪ್ಯೂಟರಿನ ವಿಷಯದಲ್ಲಿ ನನ್ನ ತಿಳಿವಳಿಕೆಯೂ ಅಷ್ಟಕ್ಕಷ್ಟೆ. ಆದರೂ ಹೇಳುತ್ತೇನೆ: ಆ ಸಂಜೆ ಶರೀಫನ ಕಂಪ್ಯೂಟರಿನೊಳಗೆ ಯಾರೋ ಇದ್ದರು.

ಪರದೆಯ ಮೇಲೆ ಹೆಸರಿರಲಿಲ್ಲ. ‘ಗೆಸ್ಟ್’ ಎಂದಷ್ಟೇ ಇತ್ತು. ಆ ಗೆಸ್ಟ್ ತೆರೆದದ್ದು ‘ಕ್ವಿಜ್’ ಎಂಬ ಫೋಲ್ಡರನ್ನು.

ಸೌದಿಯ ಯಾನ್ಬುವಿನ ಆ ಕಟ್ಟಡದಲ್ಲಿ ಹೆಚ್ಚಿನವರು ನಮ್ಮ ಕರಾವಳಿಯವರು. ಅವರ ಕುಟುಂಬ ಕೂಟಕ್ಕೆ ಶರೀಫನೇ ಕ್ವಿಜ್ ಮಾಸ್ಟರ್. ಹೋದ ವರ್ಷ ಅವನ ಹೆಂಡತಿ ಹಲೀಮತ್ ಗೆದ್ದಾಗ, ಉತ್ತರ ಮನೆಯಲ್ಲೇ ಸೋರಿತು ಎಂದು ಕಟ್ಟಡವಿಡೀ ಆಡಿಕೊಂಡಿತ್ತು. ಈ ಸಲ ಅವಳು ಸ್ಪರ್ಧೆಯಲ್ಲಿಲ್ಲ. ಚಹಾ ಕೊಡುವ ಕೆಲಸ ಮಾತ್ರ. ಇನ್ನೊಮ್ಮೆ ಸೋರಿದರೆ ಶರೀಫ್ ಆ ಮೆಟ್ಟಿಲುಗಳಲ್ಲಿ ತಲೆಯೆತ್ತಿ ಇಳಿಯುವಂತಿರಲಿಲ್ಲ.

ಪ್ರಶ್ನೆಗಳಿದ್ದದ್ದು ಹಾಲ್‌ನ ಕಂಪ್ಯೂಟರಿನಲ್ಲಿ. ಪ್ರಿಂಟರ್ ಇದ್ದದ್ದು ಹಲೀಮತ್‌ಳ ಲ್ಯಾಪ್‌ಟಾಪಿಗೆ. ಒಂದಕ್ಕೆ ಇನ್ನೊಂದು ಕಾಣುತ್ತಿರಲಿಲ್ಲ. ಶರೀಫ್ ಫೋಲ್ಡರನ್ನು ಶೇರ್ ಮಾಡಿದ, ಕಾಣಲಿಲ್ಲ. ಫೈರ್‌ವಾಲ್ ಸಡಿಲಿಸಿದ, ಕಂಡಿತು, ಪಾಸ್‌ವರ್ಡ್ ಕೇಳಿತು. ಪಾಸ್‌ವರ್ಡ್ ತೆಗೆದ, ಅನುಮತಿಯಿಲ್ಲ ಎಂದಿತು.

ಅಷ್ಟರಲ್ಲಿ ಮೇಲಿನ ಮಹಡಿಯ ಮಿಸ್ಬಾಹ್ ತಟ್ಟೆ ತುಂಬ ಗೋಳಿಬಜೆ ತಂದ. ಬಂದ ತಟ್ಟೆಯನ್ನು ಖಾಲಿ ಕಳಿಸುವ ರೂಢಿ ಯಾರಲ್ಲೂ ಇಲ್ಲ. ಹಲೀಮತ್ ಅದಕ್ಕೆ ಖರ್ಜೂರ ತುಂಬುವವರೆಗೆ ಅವನು ಸೋಫಾದಲ್ಲಿ ಫೋನ್ ಒತ್ತುತ್ತ ಕುಳಿತ.

“ಎಂತ ಮಾರಾಯ, ಮುಖ ಹೀಗೆ?”

“ಶೇರ್ ಆಗುವುದಿಲ್ಲ.”

“ಎಲ್ಲರಿಗೂ ಸಿಕ್ಕುವ ಹಾಗೆ ಮಾಡು. ನಿನಗೂ ಸಿಕ್ತದೆ.”

ಶರೀಫ್ ‘ಎವ್ರಿವನ್’ ಎಂಬುದಕ್ಕೆ ಗುರುತು ಹಾಕಿದ. ತೆರೆದುಕೊಂಡಿತು.

ಪ್ರಿಂಟ್ ತೆಗೆದು ಲ್ಯಾಪ್‌ಟಾಪ್ ಮುಚ್ಚಿದ ಮೇಲೂ ಹಾಲ್‌ನ ಪರದೆಯಿಂದ ಆ ಗೆಸ್ಟ್ ಹೋಗಲಿಲ್ಲ. ಶರೀಫನ ಕಣ್ಣು ಎದುರು ಬಾಗಿಲಿನ ಕಡೆ ಹೋಯಿತು. ಅಲ್ಲಿ ಭಟ್ಕಳದ ಸಾದುಲ್ಲಾ. ಫೋಲ್ಡರ್ ಕಾಣುವುದು ಮನೆಯ ವೈಫೈಯಲ್ಲಿ ಇರುವವರಿಗೆ ಮಾತ್ರ; ವರ್ಷಗಳಿಂದ ಎರಡು ಮನೆಗೆ ಒಂದೇ ವೈಫೈ.

“ಸಾದುಲ್ಲಾ ಭಾಯ್ ಅಂಥವರಲ್ಲ,” ಎಂದಳು ಹಲೀಮತ್.

“ಮತ್ತೆ ಯಾರು? ನಮ್ಮ ವೈಫೈ ಪಾಸ್‌ವರ್ಡ್ ಇರುವುದು ಅವರಲ್ಲಿ ಮಾತ್ರ. ನೆಟ್ ಯಾಕೆ ಹೀಗೆ ತೆವಳುತ್ತದೆ ಅಂತ ಈಗ ಗೊತ್ತಾಯಿತು.”

ಹಲೀಮತ್ ನಲ್ಲಿ ತಿರುಗಿಸಿ ಪಾತ್ರೆ ತೊಳೆಯತೊಡಗಿದಳು.

ಶರೀಫ್ ಫೋಲ್ಡರ್ ಮುಚ್ಚಲಿಲ್ಲ. ನಿಜವಾದ ಪ್ರಶ್ನೆಗಳನ್ನು ಪೆನ್‌ಡ್ರೈವಿಗೆ ಹಾಕಿ ಜೇಬಿನಲ್ಲಿಟ್ಟ. ಫೋಲ್ಡರಿನಲ್ಲಿ ಉಳಿದ ಪ್ರತಿಯಲ್ಲಿ ಮೊದಲ ಉತ್ತರವನ್ನು ಬದಲಿಸಿದ. ಯಾನ್ಬು ಯಾವ ಸಮುದ್ರದ ದಡದಲ್ಲಿದೆ? ಕಪ್ಪು ಸಮುದ್ರ.

ಕೂಟ ನಡೆದದ್ದು ಕಡಲ ಬದಿಯ ವಿಶ್ರಾಂತಿ ಗೃಹದಲ್ಲಿ. ಮನೆಗೊಂದು ಬಿಳಿ ಹಲಗೆ, ಒಂದು ಮಾರ್ಕರ್. ಬಹುಮಾನದ ಏರ್ ಫ್ರೈಯರ್ ಮೇಜಿನ ಮೇಲಿತ್ತು. ಶರೀಫ್ ಮೈಕ್ ಹಿಡಿದು ಸಾದುಲ್ಲಾನನ್ನೇ ನೋಡುತ್ತ ಹೇಳಿದ: “ಮೊದಲ ಪ್ರಶ್ನೆ ಸುಲಭ. ತಪ್ಪಿದವರು ಅಲ್ಲಿಗೇ ಹೊರಗೆ.”

ಪ್ರಶ್ನೆ ಓದಿದ. ಕಿಟಕಿಯಾಚೆ ಕೆಂಪು ಸಮುದ್ರ ನೀಲಿಯಾಗಿ ಹೊಳೆಯುತ್ತಿತ್ತು. ಮಿಸ್ಬಾಹ್ ಅದನ್ನು ಒಮ್ಮೆ ನೋಡಿದ, ಅನುಮಾನಿಸಿದ, ಬರೆದ.

“ಹಲಗೆ ಎತ್ತಿ.”

ಮಿಸ್ಬಾಹ್: ಕಪ್ಪು ಸಮುದ್ರ. ಅವನ ಪಕ್ಕದ ಮನೆಯ ಹಿಶಾಮ್: ಕಪ್ಪು ಸಮುದ್ರ. ಅವರ ಹಿಂದಿನ ಸಾಲಿನಲ್ಲೂ ಕಪ್ಪು, ಅದರ ಹಿಂದೆಯೂ ಕಪ್ಪು. ಇಡೀ ಕಟ್ಟಡದ ನಡುವೆ ಒಂದೇ ಒಂದು ಹಲಗೆಯಲ್ಲಿ ಕೆಂಪು ಸಮುದ್ರ. ಅದನ್ನು ಹಿಡಿದಿದ್ದವನು ಸಾದುಲ್ಲಾ.

ಕ್ವಿಜ್ ಅಲ್ಲಿಗೇ ಮುಗಿಯಿತು. ಶರೀಫ್ ಏರ್ ಫ್ರೈಯರಿನ ಪೆಟ್ಟಿಗೆಯನ್ನು ಸಾದುಲ್ಲಾನ ಕೈಗಿಟ್ಟ. ಸಾದುಲ್ಲಾ ಅವನ ಕಿವಿಯ ಬಳಿ ಬಾಗಿದ. “ಒಂದು ಮಾತು ಹೇಳಲಿಕ್ಕೆ ಸಂಕೋಚ ಆಗಿತ್ತು ಶರೀಫ್ ಭಾಯ್. ನಿಮ್ಮ ನೆಟ್ ತುಂಬ ನಿಧಾನ. ಹೋದ ತಿಂಗಳೇ ನಾನು ಬೇರೆ ಕನೆಕ್ಷನ್ ಹಾಕಿಸಿಕೊಂಡೆ.”

ಶರೀಫ್ ಮೆಲ್ಲಗೆ ಹೆಂಡತಿಯ ಕಡೆ ತಿರುಗಿದ.

“ಮನೆಗೆ ಬಂದವರು ವೈಫೈ ಪಾಸ್‌ವರ್ಡ್ ಕೇಳಿದರೆ ಇಲ್ಲ ಅನ್ಲಿಕ್ಕೆ ಆಗ್ತದಾ?” ಎನ್ನುತ್ತ ಹಲೀಮತ್ ಹೋದ ವರ್ಷ ಆಡಿಕೊಂಡವರ ಮುಂದೆ ಒಬ್ಬೊಬ್ಬರಿಗೂ ನಗುನಗುತ್ತ ಚಹಾ ಇಡುತ್ತ ಹೋದಳು.

ಅವಳು ಅವರಿಗೆ ಬರೇ ಪಾಸ್‌ವರ್ಡ್ ಕೊಟ್ಟಳೋ, ಫೋಲ್ಡರಿನ ದಾರಿಯನ್ನೂ ತಾನೇ ತೋರಿಸಿದಳೋ, ನನಗೆ ಗೊತ್ತಿಲ್ಲ.